ಸೀತನಿಯ ಕೆಂಡ, ಟರ್ಕಿಯ ಕೆಂಡ

ಎಳ್ಳಮಾವಾಸ್ಯೆ ಮುಗಿದು ಸಂಕ್ರಾಂತಿ ಹತ್ತಿರವಾಗುವ ದಿನಗಳು. ಬೀದರ್ ಜಿಲ್ಲೆಯ ಕಪ್ಪು ನೆಲದಲ್ಲಿ ಹಿಂಗಾರಿ ಜೋಳ ಆಳೆತ್ತರಕ್ಕೆ ಬೆಳೆದು ನಿಂತಿರುತ್ತದೆ. ತೆನೆಯಲ್ಲಿ ಕಾಳು ಹಾಲುಗಟ್ಟಿರುತ್ತದೆ. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯ ಸುತ್ತಮುತ್ತ ಜೋಳದ ಹೊಲ ಇದ್ದವರ ಮನೆಗೆ ಈ ದಿನಗಳಲ್ಲಿ ನೆಂಟರಿಷ್ಟರು ಹೇಳಿ ಕಳಿಸದೆಯೇ ಬರುತ್ತಾರೆ. ಬರುವುದು ಸೀತನಿ ತಿನ್ನಲು. (ಕಲಬುರಗಿ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಚಿಂಚೋಳಿ ಬೇರೆ, ಈ ಖಟಕ ಚಿಂಚೋಳಿ ಬೇರೆ.) ಗಡಿಯಾಚೆಯ ಮರಾಠಿ ಸೀಮೆಯಲ್ಲಿ ಇದಕ್ಕೇ ‘ಹುರಡಾ’ ಎನ್ನುತ್ತಾರೆ. ಹೆಸರು ಯಾವುದಾದರೇನು, ಹಸಿ ಜೋಳದ ತೆನೆಯನ್ನು ಹೊಲದಲ್ಲೇ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಹಿಂಡಿಯನ್ನೋ ಬೆಲ್ಲವನ್ನೋ ಮೊಸರನ್ನೋ ಜೊತೆಗಿಟ್ಟುಕೊಂಡು ತಿನ್ನುವ ಸುಖ ಒಂದೇ.

ಇತ್ತ ಬೀದರಿನಲ್ಲಿ ಸೀತನಿಯ ಹಂಗಾಮು ಶುರುವಾಗುವ ಕೆಲವು ವಾರಗಳ ಮೊದಲು, ಅತ್ತ ಅಮೆರಿಕದಲ್ಲಿ ಇನ್ನೊಂದು ಬಗೆಯ ಸುಡುವ ಹಬ್ಬ ನಡೆದಿರುತ್ತದೆ. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಲ್ಲಿ ‘ಥ್ಯಾಂಕ್ಸ್‌ಗಿವಿಂಗ್’, ಅಂದರೆ ಕೃತಜ್ಞತೆ ಸಲ್ಲಿಸುವ ದಿನ. ಇದೂ ಮೂಲತಃ ಸುಗ್ಗಿಯ ಹಬ್ಬವೇ. ಅಧ್ಯಕ್ಷ ಲಿಂಕನ್ 1863ರಲ್ಲಿ ಇದನ್ನು ರಾಷ್ಟ್ರೀಯ ಆಚರಣೆಯೆಂದು ಸಾರಿದರು. ನಾಲ್ಕನೆಯ ಗುರುವಾರವೇ ಎಂದು ಕಾನೂನು ಬಂದದ್ದು 1941ರಲ್ಲಿ. ಆ ದಿನದ ಊಟದ ನಡುವೆ ಇರಬೇಕಾದದ್ದು ಆರೇಳು ಕಿಲೋ ತೂಗುವ ಇಡೀ ಟರ್ಕಿ ಕೋಳಿ. ಅದನ್ನು ಮನೆಯೊಳಗಿನ ಒಲೆಯಲ್ಲಿ ಬೇಯಿಸುವವರು ಹೆಚ್ಚು. ಆದರೆ ಹಿತ್ತಿಲಿನಲ್ಲಿ ಇದ್ದಿಲ ಕೆಂಡದ ‘ಗ್ರಿಲ್’ ಹೂಡಿ ಬೇಯಿಸುವವರೂ ಕಡಿಮೆಯೇನಿಲ್ಲ. ಆ ದೇಶದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೂ ಈ ಹಬ್ಬದ ರಜೆ ಪರಿಚಿತ.

ಒಂದು ಕಡೆ ನಾಲ್ಕು ಮಿಲಿಮೀಟರಿನ ಕಾಳು, ಇನ್ನೊಂದು ಕಡೆ ಏಳು ಕಿಲೋದ ಹಕ್ಕಿ. ಎರಡಕ್ಕೂ ಏನು ಸಂಬಂಧ? ಸಂಬಂಧವಿದೆ. ಎರಡೂ ಕಡೆ ಬೇಯಿಸುವವರ ಮುಂದಿರುವ ಪ್ರಶ್ನೆ ಒಂದೇ: ಹೊರಗಡೆ ಕರಿಕಾಗುವ ಮೊದಲು ಒಳಗಡೆ ಬೇಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಪ್ರೌಢಶಾಲೆಯ ಭೌತಶಾಸ್ತ್ರ ಪುಸ್ತಕದ ಶಾಖದ ಅಧ್ಯಾಯ ಪೂರ್ತಿಯಾಗಿ ಕಣ್ಣೆದುರು ಬಂದು ನಿಲ್ಲುತ್ತದೆ.

ಉರಿಯಲ್ಲ, ಕೆಂಡ

ಸೀತನಿ ಸುಡುವ ಕ್ರಮ ಸರಳ. ಹೊಲದ ಬದುವಿನಲ್ಲಿ ಮೊಣಕೈ ಆಳದ ಒಂದು ತಗ್ಗು ತೋಡುತ್ತಾರೆ. ಅದರಲ್ಲಿ ಒಣಗಿದ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಾರೆ. ಉರಿ ಏಳುತ್ತಿರುವಾಗಲೇ ತೆನೆ ಹಾಕಲು ಹೊರಡುವ ಹುಡುಗರನ್ನು ಹಿರಿಯರು ತಡೆಯುತ್ತಾರೆ: “ತಡಿಯೋ ತಮ್ಮಾ, ಉರಿ ಆರ್ಲಿ, ಕೆಂಡ ಆಗ್ಲಿ.” ಹೊಗೆ ನಿಂತು, ಕುಳ್ಳು ಕೆಂಪಗಾಗಿ, ಮೇಲೆ ತೆಳ್ಳಗೆ ಬೂದಿ ಕಟ್ಟಿದ ಮೇಲೆಯೇ ತೆನೆಗಳನ್ನು ಅದರಲ್ಲಿ ಹುದುಗಿಸುವುದು.

ಈ ತಾಳ್ಮೆಗೆ ಕಾರಣವಿದೆ. ಕುಳ್ಳಿಗಾಗಲೀ ಕಟ್ಟಿಗೆಗಾಗಲೀ ಬೆಂಕಿ ತಗುಲಿದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. ನಂತರ ಶಾಖಕ್ಕೆ ವಸ್ತು ಒಡೆದು ಉರಿಯುವ ಅನಿಲಗಳು ಹೊರಬರುತ್ತವೆ. ನಾವು ಜ್ವಾಲೆ ಎನ್ನುವುದು ಈ ಅನಿಲಗಳು ಉರಿಯುವ ದೃಶ್ಯ. ಪೂರ್ತಿ ಉರಿಯದೆ ಉಳಿದದ್ದು ಮಸಿಯಾಗಿ, ಹೊಗೆಯಾಗಿ ಮೇಲೇಳುತ್ತದೆ. ಆಗ ತೆನೆ ಹಿಡಿದರೆ ಕಾಳಿಗೆ ಮಸಿ ಹತ್ತುತ್ತದೆ, ಹೊಗೆಯ ಕಹಿ ಕೂಡುತ್ತದೆ. ಜ್ವಾಲೆ ಗಾಳಿಗೆ ಹೊಯ್ದಾಡುವುದರಿಂದ ಒಂದು ಪಕ್ಕ ಕರಿಕಾಗಿ ಇನ್ನೊಂದು ಪಕ್ಕ ಹಸಿಯಾಗಿ ಉಳಿಯುತ್ತದೆ. ಅನಿಲಗಳೆಲ್ಲ ಮುಗಿದು ಉಳಿಯುವುದು ಹೆಚ್ಚಾಗಿ ಇಂಗಾಲ. ಅದು ಮೇಲ್ಮೈಯಲ್ಲಿ ನಿಧಾನವಾಗಿ, ಜ್ವಾಲೆಯಿಲ್ಲದೆ ಉರಿಯುತ್ತದೆ. ಅದೇ ಕೆಂಡ.

ಕುಳ್ಳಿನ ಆಯ್ಕೆಯೂ ಸುಮ್ಮನೆ ಅಲ್ಲ. ಒಂದು ಕಿಲೋ ಕಟ್ಟಿಗೆ ಉರಿದಾಗ ಸುಮಾರು 17,000ದಿಂದ 22,000 ಕಿಲೋಜೌಲ್ ಶಾಖ ದೊರೆತರೆ, ಒಂದು ಕಿಲೋ ಕುಳ್ಳಿನಿಂದ ದೊರೆಯುವುದು 6,000ದಿಂದ 8,000 ಕಿಲೋಜೌಲ್ ಮಾತ್ರ. ಕಾರ್ಖಾನೆಗೆ ಇದು ಕೊರತೆ. ಸೀತನಿಗೆ ಇದೇ ಅನುಕೂಲ. ಕುಳ್ಳಿನಲ್ಲಿ ಬೂದಿಯ ಅಂಶ ಹೆಚ್ಚು. ಆ ಬೂದಿ ಕೆಂಡದ ಮೇಲೆ ಹೊದಿಕೆಯಂತೆ ಕೂತು, ಗಾಳಿ ಒಮ್ಮೆಲೇ ಒಳನುಗ್ಗದಂತೆ ತಡೆದು, ಬೆಂಕಿಯನ್ನು ಬಹಳ ಹೊತ್ತು ಸಮನಾಗಿ ಕಾಯುತ್ತದೆ.

ಕೆಂಡದ ಬಣ್ಣ ಹೇಳುವ ಕಥೆ

ಶಾಖ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವ ಬಗೆ ಮೂರು: ವಹನ, ಸಂವಹನ, ವಿಕಿರಣ. ಸೀತನಿಯ ತಗ್ಗಿನಲ್ಲಿ ಮೂರೂ ಇವೆ. ತೆನೆಗೆ ತಾಗಿದ ಬಿಸಿ ಬೂದಿಯಿಂದ ವಹನದ ಮೂಲಕ ಶಾಖ ದಾಟುತ್ತದೆ. ಮೇಲೇಳುವ ಬಿಸಿ ಗಾಳಿಯಿಂದ ಸಂವಹನದ ಮೂಲಕ ಒಂದಿಷ್ಟು ಬರುತ್ತದೆ. ಆದರೆ ದೊಡ್ಡ ಪಾಲು ಕೆಂಡದಿಂದ ನೇರವಾಗಿ ಬರುವ ವಿಕಿರಣದ್ದು. ಕೆಂಡದ ಎದುರು ಕುಳಿತವರ ಮುಖ ಬಿಸಿಯಾಗಿ, ಬೆನ್ನು ತಣ್ಣಗೇ ಇರುವುದು ಇದಕ್ಕೇ.

ಜಾನ್ ವಿಲಿಯಂ ಡ್ರೇಪರ್ ಎಂಬ ವಿಜ್ಞಾನಿ 1847ರಲ್ಲಿ ಒಂದು ಸಂಗತಿ ತೋರಿಸಿಕೊಟ್ಟ. ಕಾಯಿಸಿದ ಘನವಸ್ತು ಯಾವುದೇ ಇರಲಿ, ಹೆಚ್ಚುಕಡಿಮೆ 525 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಕತ್ತಲಲ್ಲಿ ಮಂದವಾಗಿ ಕೆಂಪಗೆ ಕಾಣತೊಡಗುತ್ತದೆ. ಇನ್ನೂ ಬಿಸಿಯಾದಂತೆ ಕಡುಗೆಂಪು, ಕೆಂಪು, ಕಿತ್ತಳೆ ಎಂದು ಬಣ್ಣ ಬದಲಾಗುತ್ತದೆ. ಕಮ್ಮಾರ ಕಬ್ಬಿಣದ ಬಣ್ಣ ನೋಡಿ ಸುತ್ತಿಗೆ ಎತ್ತುವುದೂ, ರೈತ ಕೆಂಡದ ಬಣ್ಣ ನೋಡಿ ತೆನೆ ಹಾಕುವುದೂ ಈ ಒಂದೇ ನಿಯಮದ ಮೇಲೆ. ಕೆಂಡದ ಬಣ್ಣವೇ ಅವರ ಉಷ್ಣಮಾಪಕ.

ವಿಕಿರಣದ ಶಕ್ತಿ ಉಷ್ಣತೆಯ ಜೊತೆ ಎಷ್ಟು ಬೇಗ ಏರುತ್ತದೆ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. 1879ರಲ್ಲಿ ಸ್ಟೆಫಾನ್ ಪ್ರಯೋಗಗಳ ಅಂಕಿಗಳಿಂದ ಕಂಡುಕೊಂಡ, 1884ರಲ್ಲಿ ಬೋಲ್ಟ್ಸ್‌ಮನ್ ಸಿದ್ಧಾಂತದಿಂದ ಸಾಧಿಸಿದ ನಿಯಮದ ಪ್ರಕಾರ, ಅದು ಕೆಲ್ವಿನ್ ಮಾನದ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಕೆಂಡದ ಉಷ್ಣತೆ 600 ಕೆಲ್ವಿನ್‌ನಿಂದ 900 ಕೆಲ್ವಿನ್‌ಗೆ ಏರಿದರೆ ಉಷ್ಣತೆ ಒಂದೂವರೆ ಪಟ್ಟಾಯಿತು. ಆದರೆ ಹೊರಬೀಳುವ ವಿಕಿರಣ ಒಂದೂವರೆಯನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ ಐದು ಪಟ್ಟು ಆಗುತ್ತದೆ. ಕೆಂಡಕ್ಕೆ ಒಂದೆರಡು ಸಲ ಬೀಸಣಿಗೆ ಬೀಸಿದರೆ ಸಾಕು, ಎದುರಿನ ತೆನೆ ಕಣ್ಣುಮುಚ್ಚಿ ತೆಗೆಯುವುದರೊಳಗೆ ಕರಿಕಾಗುವುದು ಇದರಿಂದಲೇ.

ಬಯಲಲ್ಲಿ ಕೆಂಡ ಹರಡದೆ ತಗ್ಗು ತೋಡುವುದೇಕೆ? ಗಾಳಿಯ ಅಡ್ಡಿ ತಪ್ಪಿಸಲು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರವೂ ಇದೆ. ಬಯಲಲ್ಲಿ ಕೆಂಡದ ಶಾಖ ಆಕಾಶದ ಪಾಲಾಗುತ್ತದೆ. ತಗ್ಗಿನಲ್ಲಾದರೆ ಒಂದು ಕೆಂಡ ಇನ್ನೊಂದು ಕೆಂಡಕ್ಕೆ, ಕಾದ ಮಣ್ಣಿನ ಗೋಡೆ ಎದುರಿನ ಗೋಡೆಗೆ ಶಾಖ ಸೂಸುತ್ತ ಒಂದನ್ನೊಂದು ಬಿಸಿಯಾಗಿ ಕಾಪಾಡುತ್ತವೆ. ತೆನೆಗೆ ಕೆಳಗಿನಿಂದ ಮಾತ್ರವಲ್ಲ, ಸುತ್ತಲಿಂದಲೂ ಶಾಖ ಸಿಗುತ್ತದೆ.

ಕಾಳು ಸುಡುವುದಿಲ್ಲ ಏಕೆ?

ಆರುನೂರು ಡಿಗ್ರಿ ದಾಟಿದ ಕೆಂಡದಲ್ಲಿ ಹುದುಗಿದ ಕಾಳು ಬೂದಿಯಾಗದೆ ಮೆತ್ತಗೆ, ಸಿಹಿಯಾಗಿ ಹೊರಬರುತ್ತದೆ. ಇದು ಪವಾಡದಂತೆ ಕಾಣುತ್ತದೆ. ಇದರ ಹಿಂದಿರುವುದು ನೀರು.

ಹಾಲುಗಾಳಿನ ತೂಕದಲ್ಲಿ ಅರ್ಧದಷ್ಟು ನೀರೇ. ಒಂದು ಗ್ರಾಂ ನೀರಿನ ಉಷ್ಣತೆಯನ್ನು 28 ಡಿಗ್ರಿಯಿಂದ 98 ಡಿಗ್ರಿಗೆ ಏರಿಸಲು ಬೇಕಾಗುವುದು 70 ಕ್ಯಾಲೊರಿ. (ಸಮುದ್ರಮಟ್ಟದಿಂದ ಸುಮಾರು ಆರುನೂರು ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ ನೀರು ಕುದಿಯುವುದು ನೂರರಲ್ಲಲ್ಲ, 98 ಡಿಗ್ರಿಯ ಆಸುಪಾಸಿನಲ್ಲಿ.) ಅದೇ ಒಂದು ಗ್ರಾಂ ನೀರನ್ನು ಆವಿ ಮಾಡಲು ಬೇಕಾಗುವ ಗುಪ್ತೋಷ್ಣ ಸುಮಾರು 540 ಕ್ಯಾಲೊರಿ, ಹೆಚ್ಚುಕಡಿಮೆ ಎಂಟು ಪಟ್ಟು. ಆದ್ದರಿಂದ ಕಾಳಿನೊಳಗೆ ನೀರು ಇರುವವರೆಗೂ ಅದರ ಒಳಗಿನ ಉಷ್ಣತೆ ಕುದಿಬಿಂದುವನ್ನು ದಾಟುವುದಿಲ್ಲ. ಬರುವ ಶಾಖವನ್ನೆಲ್ಲ ನೀರು ಆವಿಯಾಗುತ್ತ ಹೊತ್ತೊಯ್ಯುತ್ತದೆ. ಜೋಳದ ಪಿಷ್ಟ ನೀರು ಹೀರಿ ಉಬ್ಬಿ ಮೆತ್ತಗಾಗಲು 70 ಡಿಗ್ರಿಯ ಆಸುಪಾಸು ಸಾಕು. ಹೀಗೆ ಕಾಳು ತನ್ನ ನೀರಿನಲ್ಲಿ ತಾನೇ ಬೇಯುತ್ತದೆ. ಹೊರಗಿನ ಸಿಪ್ಪೆ ಮಾತ್ರ ಸುಡುತ್ತದೆ. ಆ ಸಿಪ್ಪೆಯೇ ಕಾಳಿಗೆ ಮುಚ್ಚಳ. ಸುಟ್ಟ ಬದನೆಕಾಯಿಯ ಭರ್ತದಲ್ಲೂ ನಡೆಯುವುದು ಇದೇ: ಹೊರಗೆ ಕರಿ, ಒಳಗೆ ಬೆಣ್ಣೆ.

ಹಾಲುಗಾಳಿನ ಸಿಹಿಗೂ ಕಾರಣ ಉಂಟು. ಎಲೆಗಳಲ್ಲಿ ತಯಾರಾದ ಸಕ್ಕರೆ ತೆನೆಗೆ ಹರಿದುಬಂದು ಪಿಷ್ಟವಾಗಿ ಶೇಖರವಾಗುತ್ತದೆ. ಹಾಲುಗಾಳಿನಲ್ಲಿ ಈ ಬದಲಾವಣೆ ಇನ್ನೂ ಪೂರ್ಣಗೊಂಡಿರುವುದಿಲ್ಲ. ಸಕ್ಕರೆ ಇನ್ನೂ ಉಳಿದಿರುತ್ತದೆ. ಕೆಲವೇ ದಿನ ತಡವಾದರೆ ಕಾಳು ಗಟ್ಟಿಯಾಗಿ ಸಿಹಿ ಕಡಿಮೆಯಾಗುತ್ತದೆ. ಸೀತನಿಗೆ ಇಂತಿಷ್ಟೇ ದಿನಗಳ ಹಂಗಾಮು ಇರುವುದು ಅದಕ್ಕೇ.

ಇನ್ನು ಆ ಪರಿಮಳ! ಕಾಳಿನ ಮೇಲ್ಮೈ ಒಣಗಿ 140 ಡಿಗ್ರಿಯ ಸುತ್ತ ಏರಿದಾಗ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಒಂದರೊಡನೊಂದು ವರ್ತಿಸಿ ಕಂದು ಬಣ್ಣದ, ಸುವಾಸನೆಯ ನೂರಾರು ಪದಾರ್ಥಗಳಾಗುತ್ತವೆ. ಇದನ್ನು 1912ರಲ್ಲಿ ವಿವರಿಸಿದವನು ಫ್ರೆಂಚ್ ರಸಾಯನಶಾಸ್ತ್ರಜ್ಞ ಮೈಲಾರ್. ರೊಟ್ಟಿಯ ಕಂದು ಚುಕ್ಕೆ, ಹುರಿದ ಶೇಂಗಾದ ವಾಸನೆ, ಕಾಫಿಬೀಜದ ಘಮ, ಬೀದರ್ ನಗರದ ಸಂಜೆಯ ಬೀದಿಗಳಲ್ಲಿ ಕೆಂಡದ ಮೇಲಿನ ಕಬಾಬಿನ ಪರಿಮಳ, ಎಲ್ಲವೂ ಮೈಲಾರ್ ಕ್ರಿಯೆಯ ಫಲಗಳೇ. ಕುದಿಸಿದ ಪದಾರ್ಥಕ್ಕೆ ಈ ಘಮ ಬರುವುದಿಲ್ಲ. ನೀರಿನಲ್ಲಿ ಉಷ್ಣತೆ ನೂರನ್ನು ದಾಟುವುದಿಲ್ಲವಲ್ಲ!

ದಪ್ಪದ ಲೆಕ್ಕ

ಈಗ ಟರ್ಕಿ ಕೋಳಿಯತ್ತ ಬರೋಣ. ಈ ಹಕ್ಕಿ ಅಮೆರಿಕ ಖಂಡದ್ದು. ನಮ್ಮ ದೇಶಕ್ಕೂ ಅದರ ಪರಿಚಯ ಹಳೆಯದು. 1612ರಲ್ಲಿ ಗೋವೆಯಿಂದ ಜಹಾಂಗೀರನ ಆಸ್ಥಾನಕ್ಕೆ ಬಂದ ಟರ್ಕಿ ಕೋಳಿಯನ್ನು ಕಂಡು ಬಾದಶಹ ಬೆರಗಾಗಿ, ಅದರ ವರ್ಣನೆಯನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ. ಚಿತ್ರಕಾರ ಉಸ್ತಾದ್ ಮನ್ಸೂರ್ ಅದರ ಚಿತ್ರ ಬರೆದ. ಇಂಗ್ಲಿಷರು ಈ ಹಕ್ಕಿಗೆ ತುರ್ಕಿಯ ಹೆಸರಿಟ್ಟರೆ, ತುರ್ಕಿಯವರು ಅದನ್ನು ‘ಹಿಂದಿ’, ಅಂದರೆ ಹಿಂದೂಸ್ಥಾನದ್ದು ಎಂದು ಕರೆದರು. ಎರಡೂ ತಪ್ಪು ವಿಳಾಸಗಳೇ!

ಜೋಳದ ತೆನೆಯಂತೆಯೇ ಟರ್ಕಿಯನ್ನೂ ಕೆಂಡದಲ್ಲಿ ಹುದುಗಿಸಿದರೆ ಏನಾದೀತು? ಹತ್ತೇ ನಿಮಿಷದಲ್ಲಿ ಚರ್ಮ ಇದ್ದಿಲಾಗುತ್ತದೆ. ಎಲುಬಿನ ಪಕ್ಕದ ಮಾಂಸ ಹಸಿಯಾಗಿಯೇ ಇರುತ್ತದೆ. ಕಾರಣ ದಪ್ಪ. ಮಾಂಸ, ಗೆಡ್ಡೆ, ಕಾಳುಗಳೆಲ್ಲ ಶಾಖದ ಮಂದವಾಹಕಗಳು. ಅವುಗಳ ಹೊರಮೈಯಿಂದ ಒಳಕ್ಕೆ ಶಾಖ ಸಾಗಲು ಬೇಕಾಗುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ದಪ್ಪ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟು, ದಪ್ಪ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು.

ಉದಾಹರಣೆಗೆ, 4 ಮಿಲಿಮೀಟರಿನ ಒಂದು ಜೋಳದ ಕಾಳಿನ ನಡುವಿಗೆ ಶಾಖ ತಲುಪಲು 12 ಸೆಕೆಂಡು ಬೇಕೆಂದು ಇಟ್ಟುಕೊಳ್ಳೋಣ. 40 ಮಿಲಿಮೀಟರಿನ ಆಲೂಗಡ್ಡೆಗೆ ಅದರ ನೂರು ಪಟ್ಟು, ಅಂದರೆ 20 ನಿಮಿಷ ಬೇಕು. ಟರ್ಕಿಯ ಎದೆಯ ಭಾಗ ಇನ್ನೂ ಎಷ್ಟೋ ದಪ್ಪ. ಅಲ್ಲಿ ಲೆಕ್ಕ ಗಂಟೆಗಳಲ್ಲಿ. ಕೆಂಡವನ್ನು ಇನ್ನಷ್ಟು ಕೆರಳಿಸಿ ಈ ಕಾಲವನ್ನು ಕಡಿಮೆ ಮಾಡಲು ಹೊರಟರೆ ಬೇಗ ಆಗುವುದು ಹೊರಮೈಯ ಸುಡುವಿಕೆ ಮಾತ್ರ. ಕಬಾಬು ಮಾಡುವವರು ಮಾಂಸವನ್ನು ಸಣ್ಣ ತುಂಡು ಮಾಡಿ ಸಲಾಕೆಗೆ ಏರಿಸುವುದರ ಗುಟ್ಟು ಇದೇ. ತುಂಡು ಸಣ್ಣದಾದರೆ ಜೋರು ಕೆಂಡ ನಡೆದೀತು. ತುಂಡು ದೊಡ್ಡದಾದರೆ ಕೆಂಡ ದೂರ ಇರಬೇಕು, ಕಾಯುವ ತಾಳ್ಮೆ ಬೇಕು.

ಟರ್ಕಿ ಎಷ್ಟು ಹೊತ್ತು ಬೇಯಬೇಕು ಎಂಬುದಕ್ಕೆ ‘ಒಂದು ಪೌಂಡಿಗೆ ಇಷ್ಟು ನಿಮಿಷ’ ಎಂಬ ಲೆಕ್ಕ ಅಮೆರಿಕದ ಅಡುಗೆಮನೆಗಳಲ್ಲಿ ರೂಢಿಯಲ್ಲಿದೆ. ಆದರೆ ತೂಕ ಎಂಟು ಪಟ್ಟಾದಾಗ ದಪ್ಪ ಎಂಟು ಪಟ್ಟಾಗುವುದಿಲ್ಲ, ಎರಡು ಪಟ್ಟಾಗುತ್ತದೆ (2 × 2 × 2 = 8). ದಪ್ಪ ಎರಡು ಪಟ್ಟು ಎಂದರೆ ಕಾಲ ನಾಲ್ಕು ಪಟ್ಟು. ಅಂದರೆ ಕಾಲವು ತೂಕದ ಮೂರನೇ ಎರಡರ ಘಾತಕ್ಕೆ ಅನುಗುಣ. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್‌ನಲ್ಲಿ ಪರಮಾಣುವಿಗಿಂತ ಸೂಕ್ಷ್ಮ ಕಣಗಳ ಅಧ್ಯಯನಕ್ಕೆಂದು ಕಟ್ಟಿದ ವೇಗವರ್ಧಕ ಕೇಂದ್ರದ ಮೊದಲ ನಿರ್ದೇಶಕ ವುಲ್ಫ್‌ಗಾಂಗ್ ಪನೋಫ್‌ಸ್ಕಿ ಇದೇ ಆಧಾರದ ಮೇಲೆ ಒಂದು ಸೂತ್ರ ಕೊಟ್ಟಿದ್ದರು. ಪೌಂಡಿನಲ್ಲಿರುವ ತೂಕವನ್ನು ಮೂರನೇ ಎರಡರ ಘಾತಕ್ಕೇರಿಸಿ 1.5ರಿಂದ ಭಾಗಿಸಿದರೆ ಗಂಟೆಗಳು ಸಿಗುತ್ತವೆ. 8 ಪೌಂಡಿನ ಹಕ್ಕಿಗೆ 4ನ್ನು 1.5ರಿಂದ ಭಾಗಿಸಿದರೆ 2 ಗಂಟೆ 40 ನಿಮಿಷ. 27 ಪೌಂಡಿನ ಹಕ್ಕಿಗೆ 9ನ್ನು 1.5ರಿಂದ ಭಾಗಿಸಿದರೆ 6 ಗಂಟೆ. ಮಹಾಯಂತ್ರದ ಮುಖ್ಯಸ್ಥರೂ ಅಡುಗೆಯ ಲೆಕ್ಕಕ್ಕೆ ಪೆನ್ನು ಹಿಡಿದರು!

ಬದಿಗೆ ಸರಿದ ಕೆಂಡ, ಮೇಲೊಂದು ಮುಚ್ಚಳ

ಹಿತ್ತಿಲ ಗ್ರಿಲ್‌ನಲ್ಲಿ ಟರ್ಕಿ ಬೇಯಿಸುವವರು ಮಾಡುವುದು ಇಷ್ಟು. ಕೆಂಡವನ್ನು ಹಕ್ಕಿಯ ಕೆಳಗೆ ಇಡುವುದಿಲ್ಲ. ಎಡಕ್ಕೊಂದು, ಬಲಕ್ಕೊಂದು ರಾಶಿ ಮಾಡುತ್ತಾರೆ. ನಡುವೆ ಒಂದು ತಟ್ಟೆಯಲ್ಲಿ ನೀರು ಇಟ್ಟು, ಅದರ ಮೇಲಿನ ಜಾಲರಿಯಲ್ಲಿ ಹಕ್ಕಿಯನ್ನು ಇಡುತ್ತಾರೆ. ಜಿನುಗುವ ಕೊಬ್ಬು ಕೆಂಡಕ್ಕೆ ಬೀಳದೆ ತಟ್ಟೆಗೆ ಬೀಳುತ್ತದೆ. ಕೊಬ್ಬು ಹೊತ್ತಿಕೊಂಡು ಮಸಿ ಏಳುವುದಿಲ್ಲ. ನಂತರ ಮುಚ್ಚಳ ಹಾಕುತ್ತಾರೆ. ಆಗ ಕೆಂಡದ ನೇರ ವಿಕಿರಣದ ಬದಲು ಮುಚ್ಚಳದೊಳಗೆ ಸುತ್ತುವ ಬಿಸಿ ಗಾಳಿಯೇ, ಅಂದರೆ ಸಂವಹನವೇ, ಹೆಚ್ಚಿನ ಕೆಲಸ ಮಾಡುತ್ತದೆ. ಒಳಗಿನ ಗಾಳಿಯ ಉಷ್ಣತೆ 163 ಡಿಗ್ರಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳುತ್ತಾರೆ. ಕೆಳಗೂ ಮೇಲೂ ಇರುವ ಗಾಳಿಕಿಂಡಿಗಳನ್ನು ತೆರೆದರೆ ಆಮ್ಲಜನಕ ಹೆಚ್ಚು ಬಂದು ಕೆಂಡ ಕೆರಳುತ್ತದೆ, ಮುಚ್ಚಿದರೆ ತಣಿಯುತ್ತದೆ. ಸೀತನಿಯ ತಗ್ಗಿನಲ್ಲಿ ಬೂದಿ ಮಾಡುವ ಕೆಲಸವನ್ನು ಇಲ್ಲಿ ಕಿಂಡಿ ಮಾಡುತ್ತದೆ.

ಗುಂಡಾದ ಮುಚ್ಚಳದ ಈ ಗ್ರಿಲ್ ಹುಟ್ಟಿದ ಬಗೆ ತಮಾಷೆಯಾಗಿದೆ. ಷಿಕಾಗೊ ಸಮೀಪದ ವೆಬರ್ ಎಂಬ ಲೋಹದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಜಾರ್ಜ್ ಸ್ಟೀಫನ್‌ಗೆ ತೆರೆದ ಒಲೆಯಲ್ಲಿ ಗಾಳಿಯ, ಬೂದಿಯ ಕಾಟ ಸಾಕಾಗಿತ್ತು. ನೀರಿನ ಮೇಲೆ ಗುರುತಿಗಾಗಿ ತೇಲಿಬಿಡುವ ದೊಡ್ಡ ಲೋಹದ ಬುರುಡೆಗಳನ್ನು ಆ ಕಾರ್ಖಾನೆ ತಯಾರಿಸುತ್ತಿತ್ತು. 1952ರಲ್ಲಿ ಆತ ಅಂಥ ಬುರುಡೆಯೊಂದನ್ನು ಎರಡು ಹೋಳು ಮಾಡಿ, ಒಂದನ್ನು ಒಲೆಯಾಗಿಯೂ ಇನ್ನೊಂದನ್ನು ಮುಚ್ಚಳವಾಗಿಯೂ ಬಳಸಿದ. ಗಾಳಿ ತಡೆಯಲು ಖಟಕ ಚಿಂಚೋಳಿಯ ರೈತ ನೆಲ ತೋಡಿದ. ಷಿಕಾಗೊದ ಕೆಲಸಗಾರ ಬುರುಡೆ ಕೊಯ್ದ. ಎರಡರ ಉದ್ದೇಶವೂ ಒಂದೇ.

ಹಸಿಮಾಂಸ ಮತ್ತು ಜಾಗ್ರತೆ

ಅರ್ಧ ಬೆಂದ ಸೀತನಿ ತಿಂದರೆ ರುಚಿ ಕೆಟ್ಟೀತು, ಅಷ್ಟೆ. ಅರ್ಧ ಬೆಂದ ಕೋಳಿಯ ಮಾತು ಹಾಗಲ್ಲ. ಹಸಿ ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲ, ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಗಳು ಇರುವುದುಂಟು. ಅವು ವಾಂತಿ, ಭೇದಿ, ಜ್ವರ ತರುತ್ತವೆ. ಚಿಕ್ಕ ಮಕ್ಕಳಲ್ಲಿ ಮತ್ತು ವಯಸ್ಸಾದವರಲ್ಲಿ ಪ್ರಾಣಕ್ಕೂ ಅಪಾಯವಾಗಬಹುದು. ಮಾಂಸದ ಅತ್ಯಂತ ದಪ್ಪ ಭಾಗದ ನಡುವೆ ಉಷ್ಣತೆ 74 ಡಿಗ್ರಿ ತಲುಪಬೇಕು ಎಂಬುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ಚೂಪಾದ ಉಷ್ಣಮಾಪಕವನ್ನು ಎಲುಬಿಗೆ ತಾಗದಂತೆ ಚುಚ್ಚಿ ಇದನ್ನು ನೋಡುತ್ತಾರೆ. ಹೊರಗಿನ ಬಣ್ಣ ನಂಬುವಂತಿಲ್ಲ. ಮೈಲಾರ್ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ ಮಾತ್ರ.

ಹಿಮಗಟ್ಟಿದ ಟರ್ಕಿಯನ್ನು ಕರಗಿಸುವಾಗಲೂ ದಪ್ಪದ ಲೆಕ್ಕವೇ. ಫ್ರಿಜ್ಜಿನಲ್ಲಿ ಸುಮಾರು ಎರಡು ಕಿಲೋಗೆ ಒಂದು ದಿನದಂತೆ ಇಡೀ ಹಕ್ಕಿ ಕರಗಲು ಮೂರ್ನಾಲ್ಕು ದಿನ ಬೇಕು. ಅವಸರಪಟ್ಟು ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ ನಡುವೆ ಮಂಜು ಇರುವಾಗಲೇ ಹೊರಮೈ ಬೆಚ್ಚಗಾಗಿ ಬ್ಯಾಕ್ಟೀರಿಯ ಬೆಳೆಯತೊಡಗುತ್ತವೆ. ಬೇಯಿಸಿದ ಮಾಂಸವನ್ನೂ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬಾರದು.

ನಮ್ಮಲ್ಲಿ ಟರ್ಕಿ ಅಪರೂಪವಾದರೂ ಹೊಲಕ್ಕೆ, ಪ್ರವಾಸಕ್ಕೆ ಹೋದ ಕಾಲೇಜು ಹುಡುಗರು ಕೆಂಡದ ಮೇಲೆ ಕೋಳಿ ಸುಡುವುದು ಅಪರೂಪವಲ್ಲ. ಉಷ್ಣಮಾಪಕ ಇಲ್ಲದಿದ್ದರೆ ಇಡೀ ಕೋಳಿಯ ಸಾಹಸಕ್ಕೆ ಹೋಗದೆ ಸಣ್ಣ ತುಂಡು ಮಾಡುವುದು ಕ್ಷೇಮ. ಹಸಿಮಾಂಸ ಇಟ್ಟ ತಟ್ಟೆಯನ್ನು ತೊಳೆಯದೆ ಬೆಂದ ಮಾಂಸಕ್ಕೆ ಬಳಸಬಾರದು.

ಹೊರಗಿನ ಬೆಂಕಿ ಹೊರಗೇ ಇರಲಿ

ಹೊರಗಿನ ಅಡುಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಅಡುಗೆ ಮುಗಿದ ಮೇಲೆ ಬರುತ್ತದೆ. ಬೀದರಿನ ಚಳಿಗಾಲದಲ್ಲಿ ಬೆಳಗಿನ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ‘ಹೊಗೆ ಇಲ್ಲವಲ್ಲ’ ಎಂದು ಉಳಿದ ಕೆಂಡವನ್ನು ಬುಟ್ಟಿಯಲ್ಲೋ ಅಗ್ಗಿಷ್ಟಿಕೆಯಲ್ಲೋ ತುಂಬಿ, ಮಲಗುವ ಕೋಣೆಯೊಳಗೆ ಇಟ್ಟು, ಬಾಗಿಲು ಕಿಟಕಿ ಹಾಕಿಕೊಳ್ಳುವವರಿದ್ದಾರೆ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆಮ್ಲಜನಕಕ್ಕೆ ಜಾಗವೇ ಉಳಿಯುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ನಿದ್ರೆಯಲ್ಲಿದ್ದವರಿಗೆ ಇದಾವುದೂ ತಿಳಿಯದೆ ಪ್ರಾಣ ಹೋಗಬಹುದು.

ಆದ್ದರಿಂದ ಕೆಂಡವಾಗಲೀ ಇದ್ದಿಲಿನ ಗ್ರಿಲ್ ಆಗಲೀ ಮುಚ್ಚಿದ ಕೋಣೆ, ಗುಡಾರ, ವಾಹನದೊಳಗೆ ಎಂದಿಗೂ ಕೂಡದು. ಯಾರಿಗಾದರೂ ಮೇಲಿನ ಲಕ್ಷಣ ಕಂಡರೆ ಕೂಡಲೇ ಬಯಲಿನ ಗಾಳಿಗೆ ಕರೆತಂದು ಆಸ್ಪತ್ರೆಗೆ ಸಾಗಿಸಬೇಕು.

ಇನ್ನೂ ಕೆಲವು ಎಚ್ಚರಿಕೆಗಳನ್ನು ತಂದೆತಾಯಿಗಳು ಮನಸ್ಸಿನಲ್ಲಿಡಬೇಕು. ಒಣಗಿದ ಕಣಿಕೆ, ಬಣವೆಗಳ ಹತ್ತಿರ ತಗ್ಗು ತೋಡಬಾರದು. ಗಾಳಿಯ ದಿಕ್ಕು ನೋಡಬೇಕು. ಒಂದು ಕೊಡ ನೀರು ಪಕ್ಕದಲ್ಲಿರಬೇಕು. ಆರಿದಂತೆ ಕಾಣುವ ಕೆಂಡಕ್ಕೆ ಸೀಮೆಎಣ್ಣೆ, ಪೆಟ್ರೋಲ್ ಸುರಿಯುವುದು ಸಾವಿಗೆ ಆಹ್ವಾನ ಕೊಟ್ಟಂತೆ. ಬೂದಿ ಶಾಖದ ಮಂದವಾಹಕವಾದ್ದರಿಂದ ಅದರಡಿಯ ಕೆಂಡ ಮರುದಿನದವರೆಗೂ ಜೀವಂತವಾಗಿ ಇರಬಹುದು. ಬರಿಗಾಲಿನ ಮಕ್ಕಳು ಓಡಾಡುವ ಹೊಲ ಅದು. ಹೊರಡುವ ಮೊದಲು ನೀರು ಹೊಯ್ದು, ಕೆದಕಿ, ಮತ್ತೆ ನೀರು ಹೊಯ್ದು, ಮಣ್ಣು ಮುಚ್ಚಬೇಕು.

ಮನೆಯಲ್ಲೇ ಮಾಡಿ ನೋಡಿ

ದಪ್ಪದ ನಿಯಮ ನಿಜವೇ ಎಂದು ಪರೀಕ್ಷಿಸಲು ಟರ್ಕಿ ಬೇಡ, ಕೆಂಡವೂ ಬೇಡ. ಸುಮಾರು 25 ಗ್ರಾಂನ ಒಂದು, 200 ಗ್ರಾಂನ ಒಂದು, ಗುಂಡಗಿನ ಎರಡು ಆಲೂಗಡ್ಡೆ ಆರಿಸಿಕೊಳ್ಳಿ. ತೂಕ ಕಿರಾಣಿ ಅಂಗಡಿಯ ತಕ್ಕಡಿಯಲ್ಲೇ ಆದೀತು. ಹಿರಿಯರ ಸಹಾಯದಿಂದ ಎರಡನ್ನೂ ಒಂದೇ ಪಾತ್ರೆಯ ಕುದಿಯುವ ನೀರಿಗೆ ಒಟ್ಟಿಗೆ ಹಾಕಿ. ನೀರು ಕುದಿಯುತ್ತಲೇ ಇರಲಿ. ಆಗ ಉಷ್ಣತೆ ಬದಲಾಗುವುದಿಲ್ಲ. ಕೆಲವು ನಿಮಿಷಗಳಿಗೊಮ್ಮೆ ತೆಳುವಾದ ಕಡ್ಡಿ ಚುಚ್ಚಿ, ನಡುವಿನವರೆಗೆ ಸಲೀಸಾಗಿ ಇಳಿದ ಹೊತ್ತನ್ನು ಬರೆದುಕೊಳ್ಳಿ. ತೂಕ ಎಂಟು ಪಟ್ಟು. ಕಾಲವೂ ಎಂಟು ಪಟ್ಟಾಗುತ್ತದೆಯೋ, ನಾಲ್ಕು ಪಟ್ಟಿನ ಸಮೀಪ ನಿಲ್ಲುತ್ತದೆಯೋ? ಚಿಕ್ಕದು 15 ನಿಮಿಷದಲ್ಲಿ ಬೆಂದರೆ ದೊಡ್ಡದಕ್ಕೆ ಎರಡು ಗಂಟೆ ಬೇಕೋ, ಒಂದು ಗಂಟೆ ಸಾಕೋ? ಉತ್ತರ ಪಾತ್ರೆಯಲ್ಲೇ ಇದೆ.

ಜೋಳ ಉಳಿದರೆ ಸೀತನಿ

ಸೀತನಿಯ ವಿಜ್ಞಾನ ಓದಲು ಪುಸ್ತಕ ಸಾಕು. ಸೀತನಿ ತಿನ್ನಲು ಜೋಳದ ಹೊಲ ಬೇಕು. ಬೀದರ್ ಜಿಲ್ಲೆಯಲ್ಲಿ 1990ರ ದಶಕದ ನಂತರ ಸೋಯಾ ಅವರೆ ವೇಗವಾಗಿ ಹಬ್ಬಿತು. ಕೈಗೆ ಬೇಗ ಹಣ ತರುವ ಬೆಳೆಗಳ ಮುಂದೆ ಜೋಳ ಹಿಂದೆ ಸರಿಯಿತು. ಜೋಳಕ್ಕೆ ಹಕ್ಕಿ ಕಾಯಬೇಕು, ಕೊಯ್ಲಿಗೆ ಆಳು ಬೇಕು. ಹತ್ತು ಹೊಲಗಳ ನಡುವೆ ಒಂದೇ ಜೋಳದ ಹೊಲವಿದ್ದರೆ ಊರಿನ ಹಕ್ಕಿಗಳೆಲ್ಲ ಅಲ್ಲಿಗೇ ಇಳಿಯುತ್ತವೆ. ಹಾಗಾಗಿ ಬೆಳೆಯುವ ಮನಸ್ಸಿದ್ದವರೂ ಹಿಂಜರಿಯುತ್ತಾರೆ. ಭಾರತದ ಸಲಹೆಯ ಮೇರೆಗೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜೋಳವೂ ಆ ಧಾನ್ಯಗಳ ಸಾಲಿನಲ್ಲಿತ್ತು. ಆದರೆ ಘೋಷಣೆಗಿಂತ ಹೆಚ್ಚಿನ ಕೆಲಸವನ್ನು ಒಂದು ಮುಷ್ಟಿ ಸೀತನಿ ಮಾಡಬಲ್ಲದು. ಒಮ್ಮೆ ತಿಂದ ಮಗು ಮರುವರ್ಷವೂ ಕೇಳುತ್ತದೆ. ಕೇಳುವವರಿದ್ದರೆ ಬೆಳೆಯುವವರೂ ಇರುತ್ತಾರೆ.

ಜನವರಿಯ ಒಂದು ಭಾನುವಾರ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವುದು ತಂದೆತಾಯಿಗಳಿಗೆ ದೊಡ್ಡ ಖರ್ಚಿನ ಕೆಲಸವಲ್ಲ. ವಹನ, ಸಂವಹನ, ವಿಕಿರಣಗಳ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ ಹುಡುಗಿ ಅಲ್ಲಿ ತಗ್ಗಿನ ಪಕ್ಕ ಕುಳಿತು, ಮುಖಕ್ಕೆ ತಾಗುವ ಬಿಸಿ ಯಾವುದು, ಕೈಯಲ್ಲಿರುವ ತೆನೆಯ ಬಿಸಿ ಯಾವುದು ಎಂದು ಒಮ್ಮೆ ಬೇರ್ಪಡಿಸಿ ನೋಡಿದರೆ ಆ ಪಾಠ ಪರೀಕ್ಷೆಯ ನಂತರವೂ ಮರೆಯುವುದಿಲ್ಲ. “ಉರಿ ಆರ್ಲಿ, ಕೆಂಡ ಆಗ್ಲಿ” ಎಂಬ ಅಜ್ಜನ ಮಾತಿನ ಅರ್ಥವನ್ನು ಅವಳು ಅಜ್ಜನಿಗೇ ಬಿಡಿಸಿ ಹೇಳಬಹುದು. ಕಾಳು ಯಾವ ಹದಕ್ಕೆ ಬಂದಾಗ ಕೆಂಡದಿಂದ ತೆಗೆಯಬೇಕು ಎಂಬುದನ್ನು ಮಾತ್ರ ಅವಳು ಅಜ್ಜನಿಂದಲೇ ಕಲಿಯಬೇಕು.